ರತ್ನಕ್ಕೆ ಊರು ಯಾವುದು?

ಕಳೆದ ಮಾಘಮಾಸದಲ್ಲಿ ನಮ್ಮ ನೆರೆಮನೆಯ ವೃದ್ಧ ಮಿತ್ರರೊಬ್ಬರು ಸಂಜೆಯ ಹೊತ್ತಿಗೆ ನಮ್ಮಲ್ಲಿಗೆ ಬಂದು, ಅಂಗವಸ್ತ್ರದ ತುದಿಯಲ್ಲಿ ಗಂಟುಹಾಕಿಕೊಂಡಿದ್ದ ಒಂದು ಉಂಗುರವನ್ನು ಬಿಚ್ಚಿ ನಮ್ಮ ಮುಂದಿರಿಸಿದರು. ಮೊಮ್ಮಗಳ ವಿವಾಹಕ್ಕೆಂದು, ತಮ್ಮ ವಿಶ್ರಾಂತಿವೇತನದಲ್ಲಿ ಮೂರು ವರ್ಷ ಕೂಡಿಟ್ಟ ಹಣವನ್ನು ತೆತ್ತು ಕೊಂಡ ನೀಲದ ಉಂಗುರವದು. ಬಣ್ಣವೇನೋ ಮನೋಹರವಾಗಿತ್ತು, ಆದರೆ ತಂದವರ ಮುಖದಲ್ಲಿ ಸಂತೋಷವಿರಲಿಲ್ಲ. "ಮೇಷ್ಟ್ರೇ, ಕೊಳ್ಳುವಾಗ ಅಂಗಡಿಯವನು ಅಪ್ಪಟ ಸಿಂಹಳದ ನೀಲವೆಂದ. ನಿನ್ನೆ ನಮ್ಮ ಬೀಗರು ನೋಡಿ, ಇದು ಬ್ಯಾಂಕಾಕಿನ ಮಾಲು, ಬೆಂಕಿಯಲ್ಲಿ ಬೇಯಿಸಿದ್ದು ಎಂದುಬಿಟ್ಟರು. ನಾನು ಮೋಸಹೋದೆನೆ? ಈ ಕಲ್ಲು ಯಾವ ಊರಿನದು?" ಎಂದು ಕೇಳಿದರು.

ರತ್ನಪರೀಕ್ಷೆ ನಮ್ಮ ವಿದ್ಯೆಯಲ್ಲ. ಮೂವತ್ತಾರು ವರ್ಷ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ನೀಲಕ್ಕೂ ನೀಲಿ ಗಾಜಿಗೂ ಇರುವ ಭೇದವನ್ನು ಬರಿಗಣ್ಣಿನಿಂದ ಹೇಳುವ ಶಕ್ತಿಯಿಲ್ಲ. ಆದುದರಿಂದ ಉಂಗುರವನ್ನು ಬೆಂಗಳೂರಿನ ಒಂದು ರತ್ನಪರೀಕ್ಷಾಲಯಕ್ಕೆ ಕಳುಹಿಸುವಂತೆ ಹೇಳಿ ಅವರನ್ನು ಸಮಾಧಾನಪಡಿಸಿದೆವು. ಆದರೆ ಅವರ ಪ್ರಶ್ನೆ ಮಾತ್ರ ನಮ್ಮ ಮನಸ್ಸನ್ನು ಬಿಡಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ವೈಯಾಕರಣರು ಕೇಳಿದ್ದರು.

ಪಾಣಿನಿ ಮಹರ್ಷಿಯು ವೈಡೂರ್ಯವೆಂಬ ಶಬ್ದವನ್ನು ಸಾಧಿಸುವಾಗ, ವಿದೂರವೆಂಬ ಸ್ಥಳದಿಂದ ಬಂದದ್ದು ಎಂಬರ್ಥದಲ್ಲಿ ಪ್ರತ್ಯಯವನ್ನು ವಿಧಿಸಿದನು. ಪತಂಜಲಿಯು ಮಹಾಭಾಷ್ಯದಲ್ಲಿ ಇದಕ್ಕೆ ಆಕ್ಷೇಪವನ್ನೆತ್ತಿದನು. ಆ ಮಣಿ ವಿದೂರದಲ್ಲಿ ಹುಟ್ಟುವುದೇ ಇಲ್ಲ. ಹುಟ್ಟುವುದು ವಾಲವಾಯವೆಂಬ ಪರ್ವತದಲ್ಲಿ. ವಿದೂರದಲ್ಲಿ ನಡೆಯುವುದು ಅದರ ಸಂಸ್ಕಾರ ಮಾತ್ರ ಎಂಬುದೇ ಆ ಆಕ್ಷೇಪ. ಭಾಷ್ಯಕಾರನು ಅದಕ್ಕೆ ಸಮಾಧಾನವನ್ನೂ ಹೇಳಿದ್ದಾನೆನ್ನಿ. ಅದು ಇಲ್ಲಿ ಬೇಡ. ನಾವು ಗಮನಿಸತಕ್ಕದ್ದಿಷ್ಟೆ: ಅಗೆದವರ ಊರಿನ ಹೆಸರು ಅಳಿದು, ಉಜ್ಜಿ ಹೊಳಪು ಕೊಟ್ಟವರ ಊರಿನ ಹೆಸರು ಉಳಿಯಿತು. ವಿದ್ಯಾರ್ಥಿದೆಶೆಯಲ್ಲಿ ನಾವು ಇದನ್ನು ಬರಿಯ ಶಬ್ದದ ಜಗಳವೆಂದೆಣಿಸಿದ್ದೆವು. ಸಿಂಹಳದ್ವೀಪದ ಗಣಿಗಳ ವೃತ್ತಾಂತವನ್ನು ತಿಳಿದಮೇಲೆ ಅದು ಅನ್ನದ ಜಗಳವೂ ಹೌದೆಂಬುದು ಮನದಟ್ಟಾಯಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರತ್ನದ್ವೀಪ

ಇಂದು ಶ್ರೀಲಂಕಾ ಎನಿಸಿಕೊಂಡಿರುವ ಸಿಂಹಳಕ್ಕೆ ರತ್ನದ್ವೀಪವೆಂಬುದು ಪುರಾತನ ನಾಮಧೇಯ. ಅರಬ್ಬೀ ನಾವಿಕರು ಅದನ್ನು ಮಾಣಿಕ್ಯದ ದ್ವೀಪವೆಂದು ಕರೆದರು. ೫ನೆಯ ಶತಮಾನದ ಆದಿಯಲ್ಲಿ ಅಲ್ಲಿಗೆ ಹೋಗಿದ್ದ ಚೀನದ ಯಾತ್ರಿಕ ಫಾಹಿಯಾನನು, ಮಣಿಗಳು ದೊರೆಯುವ ಪ್ರದೇಶಕ್ಕೆ ಅರಸನು ಕಾವಲಿಟ್ಟು, ದೊರೆತ ಹತ್ತರಲ್ಲಿ ಮೂರನ್ನು ತಾನು ತೆಗೆದುಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ೧೩ನೆಯ ಶತಮಾನದ ಕೊನೆಯಲ್ಲಿ ಮಾರ್ಕೋಪೋಲೋ ಲಂಕೆಯ ದೊರೆಯ ಬಳಿ ಗೇಣುದ್ದದ ಕೆಂಪೊಂದಿದ್ದುದನ್ನೂ, ಅದಕ್ಕಾಗಿ ಕುಬ್ಲಾಯ್ ಖಾನನು ಒಂದು ನಗರದ ಬೆಲೆಯನ್ನೇ ಕೊಡಲು ಒಪ್ಪಿದರೂ ದೊರೆ ಮಾರಲೊಲ್ಲದೆ ಹೋದುದನ್ನೂ ವರ್ಣಿಸಿದ್ದಾನೆ. ನಮ್ಮ ಹೊನ್ನಾವರವನ್ನು ಕಂಡುಹೋದ ಇಬ್ನ್ ಬತೂತನೂ ೧೩೪೪ರಲ್ಲಿ ಲಂಕೆಗೆ ಹೋಗಿ, ಅಲ್ಲಿನ ಹೆಂಗಸರು ಬಣ್ಣಬಣ್ಣದ ಕಲ್ಲುಗಳ ಹಾರಗಳನ್ನು ತೊಡುವುದನ್ನು ನೋಡಿ ಬೆರಗಾದನು. ಪ್ರವಾಸಿಗಳ ಮಾತಿನಲ್ಲಿ ಅತಿಶಯೋಕ್ತಿ ಎಷ್ಟಾದರೂ ಇರಲಿ, ಸಾವಿರಾರು ವರ್ಷ ಬಂದವರೆಲ್ಲರೂ ಒಂದೇ ಮಾತನ್ನು ಹೇಳಿದ್ದಾರೆಂಬುದು ಸಾಮಾನ್ಯ ಸಂಗತಿಯಲ್ಲ.

ಇಷ್ಟು ಚಿಕ್ಕ ದ್ವೀಪಕ್ಕೆ ಈ ಭಾಗ್ಯ ಬಂದುದು ಹೇಗೆ? ಭೂವಿಜ್ಞಾನಿಗಳು ಹೇಳುವಂತೆ, ಲಂಕೆಯ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅತಿ ಪ್ರಾಚೀನವಾದ, ಭೂಗರ್ಭದ ಕಾವಿನಲ್ಲಿಯೂ ಒತ್ತಡದಲ್ಲಿಯೂ ಬೆಂದು ರೂಪಾಂತರ ಹೊಂದಿದ ಶಿಲೆ. ಸುಮಾರು ೫೫ ಕೋಟಿ ವರ್ಷಗಳ ಹಿಂದೆ ಭಾರತ, ಲಂಕೆ, ಮಡಗಾಸ್ಕರ, ಪೂರ್ವ ಆಫ್ರಿಕ, ದಕ್ಷಿಣಧ್ರುವಖಂಡ ಇವೆಲ್ಲವೂ ಒಂದಕ್ಕೊಂದು ಒತ್ತಿ ಕೂಡಿಕೊಂಡ ಕಾಲದಲ್ಲಿ ಈ ಶಿಲೆಗಳೊಳಗೆ ರತ್ನಗಳು ಹರಳುಗಟ್ಟಿದವು. ಅನಂತರ ಮಳೆಗಾಳಿಗಳಿಗೆ ಬೆಟ್ಟಗಳು ಸವೆದವು. ಮೆದು ಖನಿಜಗಳು ಮಣ್ಣಾಗಿ ಕೊಚ್ಚಿಹೋದವು. ಗಟ್ಟಿಯೂ ಭಾರವೂ ಆದ ರತ್ನಗಳು ಹೊಳೆಗಳ ತಿರುವುಗಳಲ್ಲಿ ನಿಂತು, ಕಾಲಕ್ರಮದಲ್ಲಿ ಮೇಲೆ ಮಣ್ಣು ಮುಚ್ಚಿ ಗದ್ದೆಯಾಯಿತು. ಬತ್ತದ ಗದ್ದೆಯ ಕೆಳಗಿರುವ ಈ ಗರಸಿನ ಪದರಕ್ಕೆ ಸಿಂಹಳಭಾಷೆಯಲ್ಲಿ 'ಇಲ್ಲಮ' ಎಂದು ಹೆಸರು. ಸಬರಗಮುವ ಪ್ರಾಂತ್ಯದ ರತ್ನಪುರವೇ ಇದರ ಕೇಂದ್ರ. ನೀಲ, ಪುಷ್ಯರಾಗ, ಗೋಮೇಧಿಕ, ವೈಡೂರ್ಯವೆನಿಸಿದ ಬೆಕ್ಕಿನಕಣ್ಣು ಮೊದಲಾದ ಹತ್ತಾರು ಜಾತಿಯ ಕಲ್ಲುಗಳು ಅಲ್ಲಿ ಒಂದೇ ಬುಟ್ಟಿಯಲ್ಲಿ ದೊರೆಯುವುದುಂಟು. ನವರತ್ನಗಳಲ್ಲಿ ವಜ್ರ ಮರಕತಗಳು ಆ ನೆಲದ ಸಂಪತ್ತಲ್ಲ.

ಗುಂಡಿಯಲ್ಲಿರುವವರು

ಅಲ್ಲಿಯ ಗಣಿಯೆಂದರೆ ನಮ್ಮ ಕೋಲಾರದ ಚಿನ್ನದ ಗಣಿಯಂತೆ ಮೈಲಿಯುದ್ದ ಇಳಿದುಹೋಗುವ ಸುರಂಗವಲ್ಲ. ಬಾವಿಯಂಥ ಚೌಕವಾದ ಗುಂಡಿ. ಆಳ ಕೆಲವೆಡೆ ಎರಡು ಮೂರು ಆಳು, ಕೆಲವೆಡೆ ಇನ್ನೂ ಹೆಚ್ಚು. ಶುಭಮುಹೂರ್ತವನ್ನು ನೋಡಿ, ದೇವರಿಗೆ ಹರಕೆ ಹೊತ್ತು ಅಗೆತವನ್ನು ಆರಂಭಿಸುತ್ತಾರೆ. ಮಗ್ಗುಲ ಮಣ್ಣು ಕುಸಿಯದಂತೆ ಮರದ ತೊಲೆಗಳ ಚೌಕಟ್ಟನ್ನು ಕೊಟ್ಟು, ಸಂದುಗಳಲ್ಲಿ ಕಾಡಿನ ಜರೀಗಿಡದ ಸೊಪ್ಪನ್ನು ತುರುಕುತ್ತಾರೆ. ಹಗಲಿರುಳು ನೀರು ಒಸರುವುದರಿಂದ ಪಂಪು ನಿಲ್ಲುವಂತಿಲ್ಲ. ಇಲ್ಲಮ ಸಿಕ್ಕಿದಮೇಲೆ ಗರಸನ್ನು ಮೇಲಕ್ಕೆತ್ತಿ ರಾಶಿ ಹಾಕಿ, ಗೊತ್ತಾದ ದಿನ ಬಿದಿರಿನ ಅಗಲ ಬುಟ್ಟಿಗಳಲ್ಲಿ ತುಂಬಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಸುತ್ತಿಸುತ್ತಿ ತೊಳೆಯುತ್ತಾರೆ. ನಮ್ಮ ಗೃಹಿಣಿಯರು ಅಕ್ಕಿಯನ್ನು ಗಾಳಿಸಿ ಕಲ್ಲನ್ನು ಬೇರೆಮಾಡುವ ಬಗೆಯೇ ಇದು. ಆದರೆ ಇಲ್ಲಿ ಉಳಿಸಿಕೊಳ್ಳಬೇಕಾದುದು ಕಲ್ಲನ್ನು! ಹಗುರವಾದ ಮರಳು ಅಂಚಿನಿಂದ ಹಾರಿಹೋಗಿ, ಭಾರವಾದುದು ತಳದಲ್ಲಿ ನಿಲ್ಲುತ್ತದೆ. ಆಮೇಲೆ ಪಾಲುದಾರರೆಲ್ಲರ ಎದುರಿಗೆ ಅನುಭವಸ್ಥನೊಬ್ಬನು ಬುಟ್ಟಿಯನ್ನು ಬಿಸಿಲಿಗೆ ಹಿಡಿದು ಬೆರಳಾಡಿಸುತ್ತಾನೆ.

ಪಾಲುದಾರರೆಂದೆವಷ್ಟೆ. ಅಲ್ಲಿ ಅಗೆಯುವವನು ಸಾಮಾನ್ಯವಾಗಿ ಕೂಲಿಯವನಲ್ಲ. ನೆಲದೊಡೆಯ, ಪರವಾನಿಗೆಯುಳ್ಳವನು, ಪಂಪಿನವನು, ಊಟದ ವೆಚ್ಚ ಹಾಕಿದವನು, ಗುಂಡಿಗಿಳಿದವರು ಇವರೆಲ್ಲರಿಗೂ ದೊರೆತುದರಲ್ಲಿ ಮೊದಲೇ ನಿಶ್ಚಯವಾದ ಭಾಗವುಂಟು. ದೊರೆಯದಿದ್ದರೆ ಯಾರಿಗೂ ಏನೂ ಇಲ್ಲ. ತಿಂಗಳುಗಟ್ಟಲೆ ಮಣ್ಣು ತೋಡಿ, ಎರಡು ಹೊತ್ತಿನ ಅನ್ನವೊಂದನ್ನೇ ಲಾಭವೆಂದುಕೊಂಡು ಮನೆಗೆ ಹೋಗುವವರೇ ಹೆಚ್ಚು. ಹೀಗಿದ್ದರೂ ಈ ಪದ್ಧತಿಯಲ್ಲಿ ಒಂದು ಧರ್ಮವಿದೆ: ಸಿಕ್ಕಿದ ಕಲ್ಲು ಒಬ್ಬನ ಅದೃಷ್ಟವಲ್ಲ, ಇಡೀ ಗುಂಡಿಯ ಅದೃಷ್ಟ. ದೊಡ್ಡ ಯಂತ್ರಗಳಿಂದ ನೆಲವನ್ನು ಬಗೆಯುವುದಕ್ಕೆ ಸರ್ಕಾರದ ಕಟ್ಟುಪಾಡುಗಳಿವೆ. ಅಗೆದ ಗುಂಡಿಯನ್ನು ಮುಚ್ಚುವೆವೆಂಬುದಕ್ಕೆ ಪರವಾನಿಗೆದಾರರು ಮುಂಗಡವಾಗಿ ಠೇವಣಿಯಿಡಬೇಕು. ಕದ್ದು ಅಗೆದವರು ಮುಚ್ಚದೆ ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಸೊಳ್ಳೆ ಹೆಚ್ಚಿ, ಮಲೇರಿಯಾ ಜ್ವರ ಹಬ್ಬಿದ ಉದಾಹರಣೆಗಳೂ ಆ ದೇಶದಲ್ಲಿವೆ. ರತ್ನದ ಬೆಲೆಯಲ್ಲಿ ಇದನ್ನು ಯಾರೂ ಸೇರಿಸಿ ಲೆಕ್ಕಹಾಕುವುದಿಲ್ಲ.

ಹೆಸರುಗಳ ಪ್ರಯಾಣ

ಈ ಕಲ್ಲುಗಳು ದೇಶಾಂತರ ಹೋದಂತೆ ಅವುಗಳ ಹೆಸರುಗಳೂ ಹೋದವು. ನೀಲವೂ ಮಾಣಿಕ್ಯವೂ ರಾಸಾಯನಿಕ ದೃಷ್ಟಿಯಿಂದ ಒಂದೇ ವಸ್ತು. ಅಲ್ಯೂಮಿನಿಯಂ ಲೋಹವೂ ಆಮ್ಲಜನಕವೂ ಸೇರಿದ ಹರಳು. ಅದರಲ್ಲಿ ಕಿಂಚಿತ್ ಕ್ರೋಮಿಯಂ ಬೆರೆತರೆ ಕೆಂಪು, ಕಬ್ಬಿಣವೂ ಟೈಟೇನಿಯಮ್ಮೂ ಬೆರೆತರೆ ನೀಲ. ಪಾಶ್ಚಾತ್ಯ ವಿಜ್ಞಾನಿಗಳು ಈ ವಸ್ತುವನ್ನು ಕೊರಂಡಂ ಎನ್ನುತ್ತಾರೆ. ಅದು ತಮಿಳಿನ ಕುರುಂದದಿಂದ ಹೋದ ಶಬ್ದ. ಸಂಸ್ಕೃತದ ಕುರುವಿಂದವೂ ಅದರ ಬಂಧುವೇ. ಸಾಣೆ ಹಿಡಿಯುವವನ ಚಕ್ರದಲ್ಲಿ ಅರಗಿನೊಡನೆ ಕೂಡಿಸುತ್ತಿದ್ದ ಕುರುಂದದ ಪುಡಿಯೂ ರಾಜಮುಕುಟದ ನೀಲವೂ ಒಂದೇ ಕುಲದವೆಂದರೆ ಆಶ್ಚರ್ಯವಲ್ಲವೆ? ಟೂರ್ಮಲೀನ್ ಎಂಬ ಹೆಸರು ಸಿಂಹಳದ 'ತೋರಮಲ್ಲಿ' ಎಂಬ ಮಾತಿನಿಂದ ಬಂದುದು. ೧೮ನೆಯ ಶತಮಾನದ ಆದಿಯಲ್ಲಿ ಡಚ್ಚರು ಈ ಕಲ್ಲನ್ನು ಒಯ್ದು, ಅದನ್ನು ಕಾಯಿಸಿದರೆ ಬೂದಿಯನ್ನು ತನ್ನ ಕಡೆಗೆ ಸೆಳೆಯುವುದನ್ನು ಕಂಡು, ಬೂದಿ ಸೆಳೆಯುವ ಕಲ್ಲೆಂದು ಕರೆದರು. ನಮ್ಮ ಪದ್ಮರಾಗವು ಜರ್ಮನರ ನಾಲಗೆಯಲ್ಲಿ ಪದ್ಪರಾಡ್ಷಾ ಆಗಿ, ಇಂದು ಲಂಕೆಯ ಒಂದು ವಿಶೇಷ ಕಲ್ಲಿಗೆ, ತಾವರೆಯ ಎಸಳಿನ ನಸುಗೆಂಪಿನಲ್ಲಿ ಕಿತ್ತಳೆ ಬೆರೆತ ವರ್ಣದ ಕುರುವಿಂದಕ್ಕೆ ಸಲ್ಲುತ್ತದೆ.

ಇವೆಲ್ಲ ಸರಿ. ಆದರೆ ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿ ೫೬೩ ಕ್ಯಾರಟ್ ತೂಕದ ಒಂದು ನಕ್ಷತ್ರನೀಲವಿದೆ. ಮೇಲೆ ದೀಪವನ್ನು ಹಿಡಿದರೆ ಆರು ಕಿರಣಗಳ ನಕ್ಷತ್ರ ಅದರಲ್ಲಿ ಮೂಡುತ್ತದೆ. ೧೯೬೪ರಲ್ಲಿ ಕಳ್ಳರು ಅದನ್ನು ಕದ್ದೊಯ್ದು, ಮರುವರ್ಷ ಅದು ಮಿಯಾಮಿಯ ಬಸ್ಸು ನಿಲ್ದಾಣದ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು. ಈ ಕಲ್ಲು ಹುಟ್ಟಿದ್ದು ಲಂಕೆಯಲ್ಲಿ; ಅದಕ್ಕಿರುವ ಹೆಸರು 'ಸ್ಟಾರ್ ಆಫ್ ಇಂಡಿಯಾ'. ವಾಲವಾಯದ ಕಲ್ಲಿಗೆ ವಿದೂರದ ಹೆಸರು ಬಂದ ಹಾಗೆ ಲಂಕೆಯ ಕಲ್ಲಿಗೆ ನಮ್ಮ ದೇಶದ ಹೆಸರು ಬಂದಿತು. ಈ ಗೌರವವನ್ನು ನಾವು ಸಂಕೋಚದಿಂದಲೇ ಸ್ವೀಕರಿಸಬೇಕು.

ಎಸೆದ ಕಲ್ಲು

ಈಗ ನಮ್ಮ ಮಿತ್ರರ ಉಂಗುರದ ವಿಷಯಕ್ಕೆ ಬರೋಣ. ಲಂಕೆಯ ಗುಂಡಿಗಳಲ್ಲಿ ಸ್ವಚ್ಛವಾದ ನೀಲದೊಡನೆ, ಹಾಲು ಬೆರೆಸಿದಂತೆ ಮಬ್ಬಾದ, ಕೆಲವು ವೇಳೆ ಎಣ್ಣೆಯ ಜಿಡ್ಡಿನಂತೆ ಕಾಣುವ ಬಿಳಿಚು ಕಲ್ಲುಗಳು ಬೇಕಾದಷ್ಟು ದೊರೆಯುತ್ತಿದ್ದವು. ಇವಕ್ಕೆ ಅಲ್ಲಿ 'ಗೆವುಡ' ಎಂದು ಹೆಸರು. ಇವನ್ನು ಕೇಳುವವರಿರಲಿಲ್ಲ, ತೊಳೆದವರು ಪಕ್ಕಕ್ಕೆ ಎಸೆದುಬಿಡುತ್ತಿದ್ದರು. ೧೯೭೦ರ ದಶಕದಲ್ಲಿ ಥಾಯ್‌ಲೆಂಡಿನ ವ್ಯಾಪಾರಿಗಳು ಬಂದು ಈ ಕಸವನ್ನು ಕಿಲೋಗ್ರಾಂ ಲೆಕ್ಕದಲ್ಲಿ ಅಲ್ಪಬೆಲೆಗೆ ಕೊಳ್ಳತೊಡಗಿದರು. ಮಾರಿದವರಿಗೆ ಇದೊಂದು ತಮಾಷೆಯಾಗಿ ಕಂಡಿರಬೇಕು.

ರಹಸ್ಯವಿದ್ದುದು ಬೆಂಕಿಯಲ್ಲಿ. ಆ ಮಬ್ಬಿಗೆ ಕಾರಣ ಕಲ್ಲಿನೊಳಗೆ ರೇಷ್ಮೆಯ ಎಳೆಗಳಂತೆ ಹಬ್ಬಿರುವ ಟೈಟೇನಿಯಂ ಖನಿಜದ ಅತಿಸೂಕ್ಷ್ಮ ಸೂಜಿಗಳು. ಆಮ್ಲಜನಕವನ್ನು ಮಿತಗೊಳಿಸಿದ ಕುಲುಮೆಯಲ್ಲಿ ಕಲ್ಲನ್ನು ೧,೬೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಿಸಿದರೆ ಆ ಸೂಜಿಗಳು ಕರಗಿ, ಟೈಟೇನಿಯಂ ಹರಳಿನೊಳಗೆ ಹರಡಿ, ಅಲ್ಲಿಯೇ ಇರುವ ಕಬ್ಬಿಣದೊಡನೆ ಜೊತೆಗೂಡುತ್ತದೆ. ಆಗ ಮಬ್ಬು ಹರಿದು, ಉಜ್ಜ್ವಲವಾದ ನೀಲವರ್ಣ ಮೂಡುತ್ತದೆ. ಹೊರಗಿನಿಂದ ಬಣ್ಣವನ್ನು ಹಚ್ಚಿದ್ದಲ್ಲ. ಒಳಗಿದ್ದುದೇ ಹೊರಗೆ ಬಂದದ್ದು. ರತ್ನಪುರದಲ್ಲಿ ಕಸವಾಗಿದ್ದುದು ಬ್ಯಾಂಕಾಕಿನಲ್ಲಿಯೂ ಚಂತಾಬುರಿಯಲ್ಲಿಯೂ ರತ್ನವಾಗಿ ಜಗತ್ತಿನ ಪೇಟೆಗೆ ನಡೆಯಿತು. ಬೆಲೆ ಎಷ್ಟೋ ಪಟ್ಟು ಏರಿತು. ಗುಂಡಿಯ ಪಾಲುದಾರರಿಗೆ ಆ ಏರಿಕೆಯಲ್ಲಿ ಒಂದು ಕಾಸೂ ಇಲ್ಲ.

ಇದರಲ್ಲಿ ಮನಸ್ಸಿಗೆ ಹೆಚ್ಚು ನಾಟುವುದು ಇನ್ನೊಂದು ಸಂಗತಿ. ಲಂಕೆಯವರು ಬೆಂಕಿಯ ವಿದ್ಯೆಯನ್ನು ಅರಿಯದವರಲ್ಲ. ಇದ್ದಿಲ ಕೆಂಡದಲ್ಲಿ ಕಲ್ಲನ್ನಿಟ್ಟು ಊದುಗೊಳವೆಯಿಂದ ಊದಿ, ಮಾಣಿಕ್ಯದಲ್ಲಿನ ನೀಲಿಯ ಛಾಯೆಯನ್ನು ಕಳೆಯುವ ಕ್ರಮ ಅಲ್ಲಿ ಬಹುಕಾಲದಿಂದ ಇದ್ದಿತು. ಅದಕ್ಕಿಂತ ದೊಡ್ಡದು ಇನ್ನೊಂದು. ರತ್ನಪುರ ಜಿಲ್ಲೆಯ ಬಲಂಗೊಡದ ಸಮೀಪದ ಸಮನಲವೆವ ಎಂಬಲ್ಲಿ ಜಲಾಶಯವನ್ನು ಕಟ್ಟುವ ಸಂದರ್ಭದಲ್ಲಿ ಪ್ರಾಕ್ತನ ಶೋಧಕರು ಬೆಟ್ಟದ ಪಶ್ಚಿಮದಂಚಿನಲ್ಲಿ ಸಾಲುಸಾಲಾಗಿ ಕಬ್ಬಿಣದ ಕುಲುಮೆಗಳನ್ನು ಕಂಡುಹಿಡಿದರು. ೭ರಿಂದ ೧೧ನೆಯ ಶತಮಾನದವರೆಗೆ ನಡೆದ ಆ ಕುಲುಮೆಗಳಲ್ಲಿ ತಿದಿಯೊತ್ತುವವರೇ ಇರಲಿಲ್ಲ. ಮುಂಗಾರಿನ ಬಿರುಗಾಳಿಯೇ ತಿದಿ! ಗಿಲಿಯನ್ ಜೂಲೆಫ್ ಎಂಬ ವಿದುಷಿಯು ಅಂಥ ಕುಲುಮೆಯನ್ನು ಮತ್ತೆ ಕಟ್ಟಿಸಿ, ಗಾಳಿಯ ಬಲದಿಂದಲೇ ಉಕ್ಕು ಬರುವುದೆಂದು ತೋರಿಸಿ ೧೯೯೬ರಲ್ಲಿ ಪ್ರಕಟಿಸಿದರು. ಯಾವ ಬೆಟ್ಟಗಳ ಮೇಲೆ ಪೂರ್ವಿಕರು ಗಾಳಿಯಿಂದ ಉಕ್ಕು ತೆಗೆದರೋ, ಅದೇ ಸೀಮೆಯಲ್ಲಿ ಅವರ ಸಂತತಿಯವರು ಬೆಂಕಿಯೊಂದು ಸಾಲದೆ ನೀಲವನ್ನು ಕಸವೆಂದು ಎಸೆದರು. ವಿದ್ಯೆ ನೆಲದಲ್ಲಿ ಹುಗಿದ ನಿಧಿಯಂತಲ್ಲ. ಒಂದು ತಲೆಮಾರು ಕೈಬಿಟ್ಟರೆ ಅದು ಕಾದು ಕುಳಿತಿರುವುದಿಲ್ಲ.

ಪೆನ್ಸಿಲಿನ ಕಪ್ಪು, ಹೊಲದ ಗೊಬ್ಬರ

ರತ್ನಗಳ ಮಾತು ಹೀಗಾದರೆ ಉಳಿದ ಖನಿಜಗಳ ಕತೆಯೂ ಅದೇ ದಾರಿಯದು. ನಮ್ಮ ಮಕ್ಕಳ ಪೆನ್ಸಿಲಿನೊಳಗಿನ ಕಪ್ಪು ವಸ್ತು ಗ್ರಾಫೈಟು. ಬಂಡೆಯ ಬಿರುಕುಗಳಲ್ಲಿ ನರಗಳಂತೆ ಹರಿದಿರುವ ಅತಿ ಶುದ್ಧ ಗ್ರಾಫೈಟಿಗೆ ಲಂಕೆಯ ಬೊಗಲ ಮತ್ತು ಕಹಟಗಹ ಗಣಿಗಳು ಲೋಕಪ್ರಸಿದ್ಧವಾಗಿವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೬ರಲ್ಲಿ, ಆ ದ್ವೀಪದಿಂದ ೩೩,೦೦೦ ಟನ್ನುಗಳಿಗೂ ಮಿಕ್ಕಿ ಗ್ರಾಫೈಟು ಹೊರದೇಶಗಳಿಗೆ ಹೋಯಿತು. ಲೋಹವನ್ನು ಕರಗಿಸುವ ಮೂಸೆಗಳು ಅದರಿಂದಾಗುತ್ತಿದ್ದವು. ಮೂಸೆಯ ಮಣ್ಣು ಇವರದು, ಮೂಸೆ ಪರರದು! ಈಶಾನ್ಯ ತೀರದ ಪುಲ್ಮೊಡ್ಡೈಯಲ್ಲಿ ಬಿಳಿಯ ಬಣ್ಣಗಳಿಗೆ ಆಧಾರವಾದ ಟೈಟೇನಿಯಂ ಅದುರಿನ ಕಪ್ಪು ಮರಳಿದೆ. ಅದೂ ಬಹುಪಾಲು ಹಾಗೆಯೇ ಹಡಗೇರುತ್ತ ಬಂದಿದೆ.

ಲಂಕೆಯ ಖನಿಜಗಳನ್ನು ಶಾಸ್ತ್ರೀಯವಾಗಿ ಶೋಧಿಸಿದವರಲ್ಲಿ ಒಬ್ಬರ ಹೆಸರನ್ನು ಕೇಳಿದರೆ ವಾಚಕರು ಅಚ್ಚರಿಪಟ್ಟಾರು. ಭಾರತೀಯ ಶಿಲ್ಪಕಲೆಯ ಮರ್ಮಜ್ಞರೆಂದು ನಾವೆಲ್ಲ ಅರಿತಿರುವ ಆನಂದ ಕುಮಾರಸ್ವಾಮಿಯವರು ತಾರುಣ್ಯದಲ್ಲಿ ಭೂವಿಜ್ಞಾನಿಗಳಾಗಿದ್ದು, ೧೯೦೩ರಿಂದ ೧೯೦೬ರವರೆಗೆ ಅಲ್ಲಿನ ಖನಿಜ ಸಮೀಕ್ಷೆಯ ಮುಖ್ಯಾಧಿಕಾರಿಗಳಾಗಿದ್ದರು. ಥೋರಿಯನೈಟ್ ಎಂಬ ವಿಕಿರಣಶೀಲ ಖನಿಜವು ೧೯೦೪ರಲ್ಲಿ ಬೆಳಕಿಗೆ ಬಂದುದು ಅವರ ಶೋಧನೆಯಿಂದ. ಕಲ್ಲನ್ನು ಹುಡುಕುತ್ತ ಹಳ್ಳಿಗಳನ್ನು ತಿರುಗಿದ ಆ ಮಹನೀಯರು, ಅಳಿದುಹೋಗುತ್ತಿರುವ ಕೈಕಸುಬುಗಳನ್ನು ಕಂಡು ಮರುಗಿ, ೧೯೦೮ರಲ್ಲಿ ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ನೆಲದ ಸಂಪತ್ತಿಗಿಂತ ಕೈಯ ಸಂಪತ್ತು ಬೇಗ ಕಳೆದುಹೋಗುವುದೆಂಬುದನ್ನು ಅವರು ಮೊದಲೇ ಕಂಡಿದ್ದರು.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣವಾದೀತು. ಅನುರಾಧಪುರದ ಬಳಿಯ ಎಪ್ಪಾವಲದಲ್ಲಿ ೧೯೭೧ರಲ್ಲಿ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಶಿಲೆಯ ನಿಕ್ಷೇಪ ಕಾಣಿಸಿಕೊಂಡಿತು. ೧೯೯೦ರ ದಶಕದಲ್ಲಿ ಅದನ್ನು ಪರದೇಶದ ಕಂಪನಿಯೊಂದಕ್ಕೆ ವಹಿಸಿ, ಬೇಗಬೇಗನೆ ಅಗೆಸುವ ಯೋಜನೆಯನ್ನು ಸರ್ಕಾರ ಹಾಕಿತು. ಆ ಊರಿನ ರೈತರೂ ಬೌದ್ಧಭಿಕ್ಷುವೊಬ್ಬರೂ ಸೇರಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೨೦೦೦ದಲ್ಲಿ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತು ಯೋಜನೆಯನ್ನು ತಡೆಯಿತು. ಅರಸನು ಭೂಮಿಯ ಒಡೆಯನಲ್ಲ, ಪಾಲಕ ಮಾತ್ರ ಎಂದು ಮಹಿಂದ ಸ್ಥವಿರನು ದೇವಾನಾಂಪಿಯ ತಿಸ್ಸ ರಾಜನಿಗೆ ಬೋಧಿಸಿದ ಪ್ರಾಚೀನ ಉಪದೇಶವನ್ನು ನ್ಯಾಯಮೂರ್ತಿಗಳು ಆ ತೀರ್ಪಿನಲ್ಲಿ ಸ್ಮರಿಸಿದರು. ಇಂಥ ಪಾಲನೆ ಎಷ್ಟು ಅಗತ್ಯವೆಂಬುದು ೨೦೨೨ರಲ್ಲಿ ಇನ್ನೊಂದು ಬಗೆಯಿಂದ ತಿಳಿಯಿತು. ಆ ವರ್ಷ ರತ್ನದ್ವೀಪವು ಪರದೇಶದ ಸಾಲವನ್ನು ತೀರಿಸಲಾರದೆ, ಜನರು ಅಡುಗೆಯ ಅನಿಲಕ್ಕಾಗಿಯೂ ವಾಹನದ ಎಣ್ಣೆಗಾಗಿಯೂ ದಿನಗಟ್ಟಲೆ ಸಾಲು ನಿಂತರು. ಕಾರಣಗಳು ಹಲವು; ಆದರೆ ನೆಲದಲ್ಲಿ ರತ್ನವಿದ್ದ ಮಾತ್ರಕ್ಕೆ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಸಂತೋಷದ ಸಂಗತಿಯೆಂದರೆ, ಗೆವುಡ ಕಲ್ಲಿನಿಂದ ಲಂಕೆಯವರು ಪಾಠ ಕಲಿತರು. ಕಾಯಿಸುವ ವಿದ್ಯೆಯನ್ನು ತಾವೂ ಸಾಧಿಸಿ, ಈಗ ರತ್ನಪುರದಲ್ಲಿಯೂ, ಮುಸಲ್ಮಾನ ರತ್ನವರ್ತಕರ ಊರಾದ ಬೇರುವಲದಲ್ಲಿಯೂ ಆ ಕೆಲಸವನ್ನು ನಡೆಸುತ್ತಿದ್ದಾರೆ.

ಕೊಳ್ಳುವವರಿಗೆ ನಾಲ್ಕು ಮಾತು

ಗೃಹಸ್ಥರು ಕಲ್ಲನ್ನು ಕೊಳ್ಳುವಾಗ ಮೂರು ವಸ್ತುಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ನೆಲದಲ್ಲಿ ಹುಟ್ಟಿ ಬೆಂಕಿ ಕಾಣದ ನೀಲ ಒಂದು. ನೆಲದಲ್ಲಿ ಹುಟ್ಟಿ ಕುಲುಮೆಯಲ್ಲಿ ಹದಗೊಂಡ ನೀಲ ಇನ್ನೊಂದು. ಕುಲುಮೆಯಲ್ಲಿಯೇ ಹುಟ್ಟಿದ ಕೃತಕ ನೀಲ ಮೂರನೆಯದು. ಈ ಮೂರನೆಯದರ ಮಾರ್ಗವನ್ನು ಫ್ರಾನ್ಸಿನ ವೆರ್ನ್ಯೂಯ್ ಎಂಬ ರಸಾಯನಜ್ಞನು ೧೯೦೨ರಲ್ಲಿ ಮಾಣಿಕ್ಯದಿಂದ ಆರಂಭಿಸಿ ತೋರಿಸಿದನು. ಅಂಥ ಕಲ್ಲಿನೊಳಗೆ ಭೂತಗನ್ನಡಿಯಲ್ಲಿ ಬಿಲ್ಲಿನಂತೆ ಬಾಗಿದ ಗೆರೆಗಳು ಕಾಣುತ್ತವೆ; ನೆಲದ ಕಲ್ಲಿನಲ್ಲಿ ಗೆರೆಗಳು ನೇರ. ಎರಡನೆಯದನ್ನು ಸುಳ್ಳು ಕಲ್ಲೆಂದು ತಳ್ಳಬೇಕಾಗಿಲ್ಲ; ಇಂದು ಪೇಟೆಯಲ್ಲಿರುವ ನೀಲಗಳಲ್ಲಿ ಹೆಚ್ಚಿನವು ಅಂಥವೇ. ಆದರೆ ಬೆಂಕಿ ಕಾಣದ ಕಲ್ಲಿಗೆ ಬೆಲೆ ಬಹಳ ಹೆಚ್ಚು. ಆದುದರಿಂದ ಮಾರುವವನು ಕಾಯಿಸಿದ್ದನ್ನು ಕಾಯಿಸಿದ್ದೆಂದು ಹೇಳತಕ್ಕದ್ದು, ಕೊಳ್ಳುವವನು ಅದನ್ನು ರಸೀತಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಹಾಲಿನಲ್ಲಿಟ್ಟು ಹಾಲು ನೀಲಿಯಾಗಿ ತೋರಿತೇ ಎಂದು ನೋಡುವ ಹಳೆಯ ಪರೀಕ್ಷೆಯನ್ನು ನಂಬಿ ಮಾತ್ರ ಯಾರೂ ಹಣ ಕೊಡಬಾರದು.

ಹದಿನೈದು ದಿನಗಳಮೇಲೆ ನಮ್ಮ ಮಿತ್ರರ ಉಂಗುರ ಪರೀಕ್ಷಾಪತ್ರದೊಡನೆ ಮರಳಿ ಬಂದಿತು. ನೈಸರ್ಗಿಕ ನೀಲ; ಹುಟ್ಟು ಸಿಂಹಳದ್ದು; ಕಾಯಿಸಿದ ಲಕ್ಷಣಗಳಿವೆ ಎಂದು ಅದರಲ್ಲಿ ಬರೆದಿತ್ತು. ಅಂಗಡಿಯವನು ಹೇಳಿದುದು ಅರ್ಧ ಸತ್ಯ, ಬೀಗರು ಹೇಳಿದುದು ಇನ್ನರ್ಧ. ಮಿತ್ರರು ಆ ಪತ್ರವನ್ನು ಹಿಡಿದು ಅಂಗಡಿಗೆ ಹೋದರು. ವರ್ತಕನು ಮೊದಲು ಮುಖ ಸಿಂಡರಿಸಿದರೂ ಕೊನೆಗೆ ರಸೀತಿಯನ್ನು ತಿದ್ದಿ, ಹೆಚ್ಚಾಗಿ ತೆಗೆದುಕೊಂಡಿದ್ದುದರಲ್ಲಿ ಒಂದು ಭಾಗವನ್ನು ಹಿಂದಕ್ಕೆ ಕೊಟ್ಟನು. ಪೂರ್ತಿಯಾಗಿ ಕೊಡಲಿಲ್ಲ.

"ಈಗಲಾದರೂ ಹೇಳಿ ಮೇಷ್ಟ್ರೇ, ಬೀಗರಿಗೆ ಯಾವ ಊರಿನ ಕಲ್ಲೆನ್ನಲಿ?" ಎಂದು ಅವರು ಮತ್ತೆ ಕೇಳಿದರು. ಎರಡು ಊರುಗಳ ಹೆಸರನ್ನೂ ಹೇಳಿ, ಆದರೆ ಅಗೆದವರ ಊರನ್ನು ಮೊದಲು ಹೇಳಿ ಎಂದೆವು. ವೈಶಾಖದಲ್ಲಿ ಮದುವೆ ಸಾಂಗವಾಗಿ ನಡೆಯಿತು. ಧಾರೆಯ ಮಂಟಪದ ಬಳಿ ಯಾರೋ ಉಂಗುರವನ್ನು ನೋಡಿ ವಿಚಾರಿಸಿದಾಗ, 'ರತ್ನಪುರದ ಕಲ್ಲಂತೆ, ಗದ್ದೆಯಲ್ಲಿ ಸಿಕ್ಕಿದ್ದಂತೆ' ಎಂದು ಆ ಹುಡುಗಿ ಹೇಳುತ್ತಿದ್ದುದು ನಮ್ಮ ಕಿವಿಗೂ ಬಿದ್ದಿತು.